ಇಸ್ತ್ರಿಯಮ್ಮನ ಅರವತ್ತು ಮೇಣದಬತ್ತಿ

ಅಡುಗೆಮನೆಯ ಸಿಂಕು ಕಟ್ಟಿಕೊಂಡದ್ದು ಭಾನುವಾರ ಬೆಳಿಗ್ಗೆ, ಎಲ್ಲರೂ ಮನೆಯಲ್ಲಿದ್ದ ಹೊತ್ತಿನಲ್ಲೇ. ಮಗ ಅಂಗಿ ಬಿಚ್ಚಿಟ್ಟು, ಸಿಂಕಿನ ಕೆಳಗೆ ತಲೆ ತೂರಿಸಿ ಪೈಪು ಬಿಚ್ಚಿದ. ಬಕೆಟ್ಟಿಗೆ ನೀರು ಬೀಳಲಿಲ್ಲ. ಹೆಬ್ಬೆರಳಷ್ಟು ದಪ್ಪದ ಒಂದು ಬಿಳಿ ಕೋಲು ಜಾರಿ ಬಿತ್ತು. ಪೈಪು ಹೇಗೆ ಬಾಗಿತ್ತೋ ಅದೂ ಹಾಗೇ ಬಾಗಿತ್ತು.

"ಅಮ್ಮಾ!" ಎಂದು ಸಿಂಕಿನ ಕೆಳಗಿಂದಲೇ ಕೂಗಿದ. "ಮೇಣ ಇಲ್ಲಿ ಸುರಿದ್ಯಾ?"

"ಒಂಚೂರು. ಬಿಸಿನೀರಿನ ಜೊತೆ ಹಾಕ್ದೆ. ಹರಿದು ಹೋಗುತ್ತೆ ಅಂದ್ಕೊಂಡೆ."

"ಹರಿದು ಹೋಗಿಲ್ಲ. ಇಲ್ಲೇ ಸಂಸಾರ ಹೂಡಿದೆ."

ಮೊಮ್ಮಗಳು ಆ ಕೋಲನ್ನೆತ್ತಿ ಬೆಳಕಿಗೆ ಹಿಡಿದು ನೋಡಿದಳು. "ಅಜ್ಜಿ, ನೀನು ಮಾಡಿದ ಮೇಣದಬತ್ತಿಗಳಲ್ಲಿ ಗುಂಡಿ ಬೀಳದೇ ಇರೋದು ಇದೊಂದೇ."

ಸೊಸೆ ನಗು ತಡೆಯಲು ತಟ್ಟೆಗಳನ್ನು ಎತ್ತಿಕೊಂಡು ಹಿತ್ತಲಿನ ನಲ್ಲಿಗೆ ಹೋದಳು. ಅಜ್ಜಿ ನಗಲಿಲ್ಲ. ಮೊಮ್ಮಗಳ ಕೈಯಿಂದ ಕೋಲನ್ನು ಕಿತ್ತುಕೊಂಡು, "ಮೇಣ ದಂಡ ಮಾಡಬೇಡ, ಮತ್ತೆ ಕರಗಿಸಬಹುದು," ಎಂದು ಹಿಂದಿನ ಕೋಣೆಗೆ ನಡೆದಳು.

ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಇಸ್ತ್ರಿಯಮ್ಮ ಎಂದು. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ಡಾಕ್ಟರುಗಳ ಕೋಟು, ನರ್ಸುಗಳ ಉಡುಪು, ಆಪರೇಷನ್ ಕೋಣೆಯ ಹಸಿರು ಬಟ್ಟೆ ಇಸ್ತ್ರಿ ಮಾಡಿದವಳು. ನಿವೃತ್ತಿಯ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಗಡಿಯಾರ ನೋಡುತ್ತ ಕೂರುವ ಜಾಯಮಾನ ಅವಳದಲ್ಲ. ಎರಡು ತಿಂಗಳು ಮನೆಯವರ ಬಟ್ಟೆಯನ್ನೆಲ್ಲ, ಒರೆಸುವ ಬಟ್ಟೆಯನ್ನೂ ಬಿಡದೆ, ಇಸ್ತ್ರಿ ಮಾಡಿದಳು. ಮೂರನೆಯ ತಿಂಗಳು ಮೊಮ್ಮಗಳ ಮೊಬೈಲಿನಲ್ಲಿ ಯಾರೋ ಮೇಣದಬತ್ತಿ ಮಾಡುವುದನ್ನು ನೋಡಿದಳು. ಮರುದಿನವೇ ಹಿಂದಿನ ಕೋಣೆಯಿಂದ ಮುರಿದ ಕುರ್ಚಿ, ಹಳೆಯ ಪೆಟ್ಟಿಗೆ ಎಲ್ಲ ಹೊರಗೆ ಬಿದ್ದವು. ಅಲ್ಲಿಗೆ ಒಂದು ಗ್ಯಾಸ್ ಒಲೆ, ನೀರಿನ ದೊಡ್ಡ ಪಾತ್ರೆ, ಅದರೊಳಗಿಟ್ಟು ಮೇಣ ಕರಗಿಸಲು ಒಂದು ತಗಡಿನ ಡಬ್ಬ ಬಂದವು. ಆಗ ಯಾರೂ ಏನೂ ಅನ್ನಲಿಲ್ಲ. ನಾಲ್ಕು ದಿನದ ಹುಚ್ಚು ಅಂದುಕೊಂಡಿದ್ದರು.

ಹುಚ್ಚಿಗೆ ಆರ್ಡರ್ ಬಂದಾಗ ಗಲಾಟೆ ಶುರುವಾಯಿತು. ಮೂಲೆಯ ಹೋಟೆಲಿನ ಯಜಮಾನಿ ಮಹಡಿಯ ಮೇಲೆ ಹೊಸ ಊಟದ ಹಾಲ್ ಕಟ್ಟಿಸುತ್ತಿದ್ದಳು. ಟೇಬಲ್ಲುಗಳ ಮೇಲಿಡಲು ಅರವತ್ತು ಗಾಜಿನ ಲೋಟ ಕಳಿಸಿ, ಅದರೊಳಗೆ ಮೇಣದಬತ್ತಿ, ನಿಂಬೆಹುಲ್ಲಿನ ತೆಳುವಾದ ವಾಸನೆ, ಮೂರನೆಯ ವಾರದ ಶನಿವಾರಕ್ಕೆ ಬೇಕು ಎಂದು ಹೇಳಿ ಹೋಗಿದ್ದಳು. ಇಸ್ತ್ರಿಯಮ್ಮ ಯೋಚನೆಯೇ ಮಾಡದೆ ಹೂಂ ಎಂದಿದ್ದಳು.

ಸಿಂಕು ಬಿಚ್ಚಿದ ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ವಿಷಯ ತೆಗೆದ. ಅವನು ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮನೆಯಲ್ಲೂ ಅದೇ ದನಿ.

"ನಮ್ಮ ಸ್ಟೋರ್‌ಕೀಪರ್‌ಗೆ ಒಂದು ರೂಮ್ ಬೇಕಂತೆ. ಒಬ್ಬರೇ. ಒಳ್ಳೇ ಮನುಷ್ಯ. ಹಿಂದಿನ ರೂಮ್ ಕೊಡೋಣ ಅಂತಿದೀನಿ."

"ಅಲ್ಲಿ ನಾನು ಕೆಲಸ ಮಾಡ್ತಿದೀನಿ," ಎಂದಳು ಇಸ್ತ್ರಿಯಮ್ಮ.

"ಯಾವ ಕೆಲಸ ಅಮ್ಮಾ? ವಾರದಿಂದ ನೋಡ್ತಿದೀನಿ. ಸುರೀತೀಯ, ಗುಂಡಿ ಬೀಳುತ್ತೆ, ಕರಗಿಸ್ತೀಯ, ಮತ್ತೆ ಸುರೀತೀಯ. ನೆನ್ನೆ ಅನ್ನದಲ್ಲಿ ಮೇಣ ಸಿಕ್ತು."

"ಅದು ಅನ್ನದ ಗಂಜಿ."

"ಗಂಜಿ ಹಲ್ಲಿಗೆ ಅಂಟ್ಕೊಂಡು ಕೂರುತ್ತಾ?"

"ಅರವತ್ತೂ ಮಾಡಿ ಕೊಡ್ತೀನಿ. ಯಜಮಾನಿ ಹೇಳಿದ ಶನಿವಾರದೊಳಗೆ. ಕೊಡದಿದ್ರೆ ನಾನೇ ಗುಡಿಸಿ, ಒರೆಸಿ, ನಿನ್ನ ಸ್ಟೋರ್‌ಕೀಪರನ್ನ ಕರ್ಕೊಂಡು ಬಂದು ಕೂರಿಸ್ತೀನಿ. ಸಾಕಾ, ಸೂಪರ್‌ವೈಸರ್ ಸಾಹೇಬ್ರೇ?"

"ಸಾಕು. ಎಲ್ಲರ ಮುಂದೆ ಹೇಳಿದೀಯ," ಎಂದ ಮಗ.

"ಬೇಕಿದ್ರೆ ಬರ್ಕೊಟ್ಟು ಸೈನ್ ಹಾಕ್ತೀನಿ. ಬೇಳೆ ಈ ಕಡೆ ಕೊಡು."

ಹೇಳುವುದೇನೋ ಹೇಳಿಬಿಟ್ಟಳು. ಆದರೆ ಮೇಣ ಅವಳ ಮಾತು ಕೇಳಬೇಕಲ್ಲ. ಸುರಿದಾಗ ಕನ್ನಡಿಯಂತೆ ಸಮನಾಗಿ ಹೊಳೆಯುತ್ತಿದ್ದದ್ದು, ಬೆಳಿಗ್ಗೆ ಎದ್ದು ನೋಡಿದರೆ ಬತ್ತಿಯ ಪಕ್ಕದಲ್ಲಿ ಒಳಕ್ಕೆ ಕುಸಿದಿರುತ್ತಿತ್ತು. ಕೆಲವು ಲೋಟಗಳಲ್ಲಿ ಮೇಣ ಗಾಜಿನಿಂದ ಬಿಟ್ಟುಕೊಂಡು ಮಚ್ಚೆ ಮಚ್ಚೆಯಾಗಿ ಕಾಣುತ್ತಿತ್ತು. ಹಚ್ಚಿದರೆ ನಡುವೆ ಮಾತ್ರ ಬಾವಿ ತೋಡಿದ ಹಾಗೆ ಉರಿದು, ಸುತ್ತಲಿನ ಮೇಣ ಹಾಗೇ ನಿಂತು, ಬತ್ತಿ ತನ್ನದೇ ಕೊಳದಲ್ಲಿ ಮುಳುಗಿ ಆರಿಹೋಗುತ್ತಿತ್ತು. ದಪ್ಪ ಬತ್ತಿ ಹಾಕಿ ನೋಡಿದಳು. ಬಾವಿ ಹೋಯಿತು, ಹೊಗೆ ಬಂತು. ಲೋಟದ ಅಂಚೆಲ್ಲ ಕಪ್ಪಾಯಿತು. ಬತ್ತಿಯನ್ನು ಗಿಡ್ಡ ಮಾಡಿದಾಗ ಹೊಗೆ ನಿಂತಿತು. ಅದೊಂದು ಗೆದ್ದೆ ಎಂದು ಅವತ್ತು ಎರಡು ತುತ್ತು ಹೆಚ್ಚು ಉಂಡಳು. ಗುಂಡಿ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ.

ವಾಸನೆಯದು ಇನ್ನೊಂದು ಕಥೆ. ಅವಳು ಎಣ್ಣೆ ಬೆರೆಸುವಾಗ ನಿಂಬೆಹುಲ್ಲಿನ ಘಮ ಬೀದಿಯವರೆಗೆ ಹೋಗುತ್ತಿತ್ತು. ಮೊಮ್ಮಗಳು ಮೂಗು ಮುಚ್ಚಿಕೊಂಡು ಪುಸ್ತಕ ಎತ್ತಿಕೊಂಡು ತಾರಸಿಗೆ ಓಡುತ್ತಿದ್ದಳು. ಮರುದಿನ ಮೇಣದಬತ್ತಿ ಹಚ್ಚಿದರೆ ಏನೂ ಇಲ್ಲ.

"ಅಜ್ಜಿ, ವಾಸನೆ ಎಲ್ಲ ನಮಗೇ ಕೊಟ್ಟುಬಿಟ್ಟಿದೀಯ. ಹೋಟೆಲಿನವರಿಗೂ ಸ್ವಲ್ಪ ಉಳಿಸು," ಎಂದಳು ಮೊಮ್ಮಗಳು.

"ನಿನ್ನ ಮೂಗೇ ಸರಿ ಇಲ್ಲ," ಎಂದಳು ಇಸ್ತ್ರಿಯಮ್ಮ. ತಾನೂ ಮೂಗು ಲೋಟದೊಳಗೆ ತೂರಿಸಿ ನೋಡಿದ್ದಳು, ಏನೂ ಸಿಕ್ಕಿರಲಿಲ್ಲ. ಆದರೆ ಅದನ್ನು ಒಪ್ಪಿಕೊಳ್ಳುವುದುಂಟೇ?

ಮೇಣದ ಅಂಗಡಿಗೆ ಹೋಗಿ ಜಗಳ ತೆಗೆದಳು. ಕೌಂಟರಿನ ಮೇಲೆ ಗುಂಡಿ ಬಿದ್ದ ಲೋಟ ಕುಕ್ಕಿ, "ಕಲಬೆರಕೆ ಮಾಲು ಕೊಡ್ತೀರಾ?" ಎಂದಳು.

ಅಂಗಡಿಯವನು ಲೋಟ ತಿರುಗಿಸಿ ನೋಡಿದ. "ಅಮ್ಮಾ, ಇದೇ ಮೇಣ ಹತ್ತು ಜನ ಒಯ್ತಾರೆ. ಎಷ್ಟು ಡಿಗ್ರಿಗೆ ಸುರೀತೀರಾ?"

"ಡಿಗ್ರಿ ಎಲ್ಲ ನಿಮ್ಮಂಥವರಿಗೆ. ನನಗೆ ಕೈ ಇದೆ."

"ತುಂಬ ಬಿಸಿ ಇದ್ದಾಗ ಸುರಿದ್ರೆ ಆರುವಾಗ ತುಂಬ ಕುಗ್ಗುತ್ತೆ, ಅದಕ್ಕೇ ಗುಂಡಿ. ವಾಸನೆ ಎಣ್ಣೆಯೂ ಆವಿಯಾಗಿ ಹೋಗುತ್ತೆ. ಎಪ್ಪತ್ತರ ಹತ್ತಿರ ಇಳಿಯಲಿ, ಆಮೇಲೆ ಸುರೀರಿ."

"ಡಬ್ಬ ಮುಟ್ಟಿ, ಬೆಚ್ಚಗಾದ ಮೇಲೇ ಸುರಿಯೋದು ನಾನು. ಮೂವತ್ತೊಂದು ವರ್ಷ ಇಸ್ತ್ರಿಪೆಟ್ಟಿಗೆ ಮುಟ್ಟಿ ಬಿಸಿ ಹೇಳಿದೀನಿ. ಒಂದು ಕೋಟು ಸುಟ್ಟಿಲ್ಲ. ನಿನ್ನ ವಯಸ್ಸೆಷ್ಟು?"

ಅಂಗಡಿಯವನು ಲೋಟ ವಾಪಸು ಕೊಟ್ಟ.

ಸೊಸೆ ಔಷಧಿ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ನಿಂತೇ ಇರುವ ಕೆಲಸ. ಅತ್ತೆಯ ಮೇಣದ ಬಗ್ಗೆ ಅವಳಿಗೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಅಡುಗೆಮನೆಯ ನೆಲ ಜಾರದಿದ್ದರೆ ಸಾಕು ಎನ್ನುವುದು ಅವಳ ನಿಲುವು. ಆದರೂ ಒಂದು ಸಂಜೆ ಅಂಗಡಿಯಿಂದ ಬರುತ್ತ ಜ್ವರ ನೋಡುವ ಥರ್ಮಾಮೀಟರ್ ತಂದಿಟ್ಟಳು. ಇಸ್ತ್ರಿಯಮ್ಮ ಅದರ ಕಡೆ ತಿರುಗಿ ಕೂಡ ನೋಡಲಿಲ್ಲ. ಮೊಮ್ಮಗಳೇ ಅದನ್ನು ಮೇಣಕ್ಕೆ ಅದ್ದಿದಳು. ಅದು ಎರಡು ಸಲ ಕೀಂ ಎಂದು ಸತ್ತುಹೋಯಿತು.

"ಮೇಣಕ್ಕೆ ಜ್ವರ ಜಾಸ್ತಿ ಅಜ್ಜಿ. ಡಾಕ್ಟರಿಗೇ ಪ್ರಜ್ಞೆ ತಪ್ತು."

"ಅದಕ್ಕೇ ಹೇಳಿದ್ದು, ಯಂತ್ರ ನಂಬಬೇಡಿ ಅಂತ," ಎಂದಳು ಇಸ್ತ್ರಿಯಮ್ಮ, ಗೆದ್ದವಳ ಹಾಗೆ.

ಸೊಸೆಗೆ ರೇಗಿತು. ಅಡುಗೆಗೆ ಬಳಸುವ, ಉದ್ದ ಕಡ್ಡಿಯ, ಗಡಿಯಾರದಂಥ ಮುಖ ಇರುವ ಇನ್ನೊಂದು ಥರ್ಮಾಮೀಟರ್ ಪಾತ್ರೆ ಅಂಗಡಿಯಿಂದ ತಂದು, ಹಿಂದಿನ ಕೋಣೆಯ ಮೊಳೆಗೆ ತೂಗುಹಾಕಿದಳು. ಅದು ಅಲ್ಲೇ ತೂಗುತ್ತ ಇತ್ತು.

ಎರಡನೆಯ ವಾರ ಕಳೆಯಿತು. ಲೆಕ್ಕಕ್ಕೆ ಹತ್ತು ಲೋಟವೂ ಸರಿಯಾಗಿರಲಿಲ್ಲ. ಮಗ ಕಾರ್ಖಾನೆಯಿಂದ ಬಂದವನೇ ಹಿಂದಿನ ಕೋಣೆಯ ಗೋಡೆ ಅಳೆಯತೊಡಗಿದ. ಮಂಚ ಈ ಕಡೆ, ಬೀರು ಆ ಕಡೆ ಎಂದು ಹೆಂಡತಿಗೆ ಹೇಳುವುದು ಅಮ್ಮನ ಕಿವಿಗೆ ಬೀಳುವಷ್ಟು ಜೋರಾಗಿತ್ತು. ಇಸ್ತ್ರಿಯಮ್ಮ ಅಳತೆ ಟೇಪಿನ ಇನ್ನೊಂದು ತುದಿಯನ್ನು ಕಾಲಲ್ಲಿ ತುಳಿದು ನಿಂತಳು.

"ಕಾಲು ತೆಗಿ ಅಮ್ಮಾ."

"ಇನ್ನೂ ಒಂದು ವಾರ ಇದೆ. ಆಗ ಬಾ, ನಾನೇ ಟೇಪು ಹಿಡೀತೀನಿ."

ಮೂರನೆಯ ವಾರದ ಮಂಗಳವಾರ ಸೊಸೆಗೆ ರಜೆ. ಆವತ್ತು ಒಂದೇ ಸಲಕ್ಕೆ ಇಪ್ಪತ್ತು ಲೋಟ ಸುರಿಯುವುದೆಂದು ಇಸ್ತ್ರಿಯಮ್ಮ ದೊಡ್ಡ ಡಬ್ಬದ ತುಂಬ ಮೇಣ ಕರಗಿಸಿದ್ದಳು. ಡಬ್ಬ ಇಳಿಸಿ, ಎಂದಿನಂತೆ ಅದರ ಮೈಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಮೂರು ಎಣಿಸಿದಳು. "ಹದ ಬಂತು," ಎಂದು ಸೊಸೆಯನ್ನು ಕೂಗಿದಳು. "ಬಾರೇ, ಭಾರ ಇದೆ. ಕೆಳಗೆ ಕೈ ಕೊಡು. ಬೆಚ್ಚಗಿದೆ ಅಷ್ಟೇ."

ಸೊಸೆ ಕೈ ಕೊಟ್ಟಳು. ಮರುಕ್ಷಣವೇ ಚೀರಿ ಕೈ ಎಳೆದುಕೊಂಡಳು. ಡಬ್ಬ ವಾಲಿ ನೆಲದ ಮೇಲೆ ಮೇಣ ಹರಡಿತು. ಪುಣ್ಯಕ್ಕೆ ಕಾಲಿನ ಮೇಲೆ ಬೀಳಲಿಲ್ಲ. ಮೊಮ್ಮಗಳು ಓಡಿಬಂದು ಅಮ್ಮನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು. ಅಂಗೈ ಕೆಂಪಾಗಿ ಆಗಲೇ ಊದಿಕೊಳ್ಳುತ್ತಿತ್ತು.

ಇಸ್ತ್ರಿಯಮ್ಮ ಇನ್ನೂ ಡಬ್ಬದ ಮೈಯನ್ನು ಬರಿಗೈಯಲ್ಲೇ ಹಿಡಿದು ನಿಂತಿದ್ದಳು.

"ಅಜ್ಜಿ, ಬಿಡು ಅದನ್ನ!" ಎಂದು ಮೊಮ್ಮಗಳು ಕಿರುಚಿದಳು.

ಬಿಟ್ಟಳು. ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಅಲ್ಲೂ ಕೆಂಪು ಬಂದಿತ್ತು. ಬೆರಳ ಬುಡದಲ್ಲಿ ಒಂದು ಹಳೆಯ ಗುಳ್ಳೆ ಒಡೆದು ಒಣಗಿತ್ತು. ಅದು ಯಾವಾಗ ಎದ್ದದ್ದೋ ಅವಳಿಗೆ ಗೊತ್ತಿರಲಿಲ್ಲ.

ನೀರಿನ ಕೆಳಗೆ ಕೈ ಹಿಡಿದುಕೊಂಡೇ ಸೊಸೆ ಅತ್ತೆಯನ್ನು ನೋಡಿದಳು. ನೋವಿಗೆ ಕಣ್ಣಲ್ಲಿ ನೀರು ತುಂಬಿತ್ತು, ಸಿಟ್ಟೂ ಇತ್ತು. "ಅತ್ತೆ, ನಿಮ್ಮ ಕೈಗೆ ಬಿಸಿ ಗೊತ್ತಾಗಲ್ಲ. ಗೊತ್ತೇ ಆಗಲ್ಲ. ತಿಂಗಳಿಂದ ಕುದಿಯೋ ಮೇಣ ಸುರೀತಿದೀರಿ."

ಇಸ್ತ್ರಿಯಮ್ಮ ಸೆರಗನ್ನು ಕೈಗೆ ಸುತ್ತಿಕೊಂಡು ಡಬ್ಬವನ್ನು ನೆಟ್ಟಗಿಟ್ಟಳು.

ಸಂಜೆ ಮಗ ಬಂದು, ಹೆಂಡತಿಯ ಕೈಗೆ ಸುತ್ತಿದ ಬಟ್ಟೆ ನೋಡಿ, ಎಲ್ಲ ಕೇಳಿಸಿಕೊಂಡ. ಕೂಗಾಡಲಿಲ್ಲ. ಹಿಂದಿನ ಕೋಣೆಗೆ ಹೋಗಿ, ಗ್ಯಾಸ್ ಬಂದ್ ಮಾಡಿ, ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿದ. "ಮುಗೀತು," ಎಂದಷ್ಟೇ ಹೇಳಿದ.

ಮರುದಿನ ಬೆಳಿಗ್ಗೆ ಇಸ್ತ್ರಿಯಮ್ಮ ಒಬ್ಬಳೇ ಕೂತು ಮನೆಯಲ್ಲಿರುವುದನ್ನೆಲ್ಲ ಮುಟ್ಟಿ ನೋಡಿದಳು. ಚಹಾದ ಲೋಟ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ. ಫ್ರಿಜ್ಜಿನೊಳಗಿನ ನೀರಿನ ಬಾಟಲಿ. ಮುಂಗೈಗೆ, ಮೊಣಕೈಗೆ ತಾಗಿಸಿದರೆ ಬಿಸಿಯೂ ತಿಳಿಯುತ್ತಿತ್ತು, ತಂಪೂ ತಿಳಿಯುತ್ತಿತ್ತು. ಅಂಗೈಗೂ ಬೆರಳಿಗೂ ಎಲ್ಲವೂ ಒಂದೇ. ಅವಳಿಗೆ ಹೆದರಿಕೆಯಾಯಿತು. ಹೆದರಿಕೆಯ ಹಿಂದೆಯೇ ಕೆಂಡದಂಥ ಸಿಟ್ಟು ಬಂತು. ಮೂವತ್ತೊಂದು ವರ್ಷ ಈ ಕೈ ಅನ್ನ ಹಾಕಿದೆ, ಮಗನನ್ನು ಓದಿಸಿದೆ, ಈ ಮನೆಯ ಹೆಂಚು ತೆಗೆಸಿ ತಾರಸಿ ಹಾಕಿಸಿದೆ. ಈಗ ತನಗೆ ಒಂದು ಮಾತೂ ಹೇಳದೆ, ಕಳ್ಳನ ಹಾಗೆ, ಸುಮ್ಮನೆ ಸತ್ತುಹೋಗಿದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ, ಚಹಾ ಆರುವ ತನಕ ಲೋಟ ಹಿಡಿದು ಕೂತಿದ್ದಳು.

ಸಂಜೆ ಊಟಕ್ಕೆ ಕೂತಾಗ ಮಗ, "ಸ್ಟೋರ್‌ಕೀಪರ್‌ಗೆ ಹೇಳಿದೀನಿ. ಭಾನುವಾರ ಬರ್ತಾರೆ," ಎಂದ.

ಇಸ್ತ್ರಿಯಮ್ಮ ಅನ್ನ ಕಲಸುತ್ತಿದ್ದಳು. ಮಾತಾಡಿದ್ದು ಸೊಸೆ. ಎಡಗೈಯಲ್ಲಿ ಚಮಚ ಹಿಡಿದು ಕಷ್ಟಪಟ್ಟು ಉಣ್ಣುತ್ತಿದ್ದವಳು ಚಮಚ ಕೆಳಗಿಟ್ಟಳು.

"ಯಾಕೆ ಹೇಳಿದ್ರಿ?"

"ಯಾಕೆ ಅಂದ್ರೆ? ನಿನ್ನ ಕೈ ನೋಡು."

"ಹೌದು. ಸುಟ್ಟಿದ್ದು ನನ್ನ ಕೈ. ತೀರ್ಮಾನ ನೀವು ಹೇಗೆ ಮಾಡ್ತೀರಿ?"

"ಅಲ್ಲ ಕಣೇ, ನಿನ್ನ ಒಳ್ಳೇದಕ್ಕೇ ತಾನೇ..."

"ನನ್ನ ಒಳ್ಳೇದು ನನಗೆ ಗೊತ್ತು. ಹತ್ತು ಗಂಟೆ ಕೌಂಟರಲ್ಲಿ ನಿಂತು ಕಾಲು ಊದಿಸ್ಕೊಂಡು ಬರ್ತೀನಲ್ಲ, ಆಗ ಬೀಗ ಹಾಕೋಕೆ ಹೋದ್ರಾ ನಮ್ಮ ಅಂಗಡಿಗೆ? ಶನಿವಾರದವರೆಗೆ ಅಂತ ಮಾತಾಗಿದೆ. ಶನಿವಾರದವರೆಗೆ ಆ ರೂಮ್ ಅತ್ತೆದು. ಕೀಲಿ ಇಡಿ ಇಲ್ಲಿ."

ಮಗ ಕೀಲಿ ತೆಗೆದು ಬೇಳೆಯ ಪಾತ್ರೆಯ ಪಕ್ಕ ಇಟ್ಟ. "ಶನಿವಾರದವರೆಗೆ ಮಾತ್ರ," ಎಂದ. ಇಸ್ತ್ರಿಯಮ್ಮ ಕೈ ಚಾಚಿದಳು. ಸೊಸೆ ಅದಕ್ಕೂ ಮೊದಲೇ ಕೀಲಿಯನ್ನು ಎಳೆದುಕೊಂಡಳು.

"ಮೊಳೆಯಲ್ಲಿ ಒಂದು ತೂಗ್ತಾ ಇದೆ ಅತ್ತೆ. ಅದನ್ನ ಹಾಕಿ ನೋಡದೆ ಒಂದು ತೊಟ್ಟೂ ಸುರೀಬಾರದು. ಡಬ್ಬ ಮುಟ್ಟೋವಾಗ ದಪ್ಪ ಬಟ್ಟೆ. ಒಪ್ಪಿದ್ರೆ ಕೀಲಿ."

ಇಸ್ತ್ರಿಯಮ್ಮ ಸೊಸೆಯನ್ನೇ ನೋಡಿದಳು. "ನನಗೇ ಷರತ್ತಾ?"

"ಹೌದು. ನಿಮಗೇ."

"ಆ ಯಂತ್ರದಲ್ಲಿ ಅಂಕಿ ಇರುವೆ ಹಾಗೆ ಇದೆ. ನನಗೆ ಕಾಣಲ್ಲ."

"ನನ್ನ ಉಗುರುಬಣ್ಣ ತಗೊಂಡು ಎಪ್ಪತ್ತರ ಮೇಲೆ ಕೆಂಪು ಗೆರೆ ಹಾಕ್ತೀನಿ. ಮುಳ್ಳು ಅಲ್ಲಿಗೆ ಇಳಿದ ಮೇಲೆ ಸುರೀರಿ. ಆಯ್ತಾ?"

"ಆಯ್ತು ಕಣೇ," ಎಂದಳು ಇಸ್ತ್ರಿಯಮ್ಮ. ಆ ಎರಡು ಪದ ಹೇಳಲು ಎಷ್ಟು ಕಷ್ಟವಾಯಿತೋ ಅವಳಿಗೇ ಗೊತ್ತು.

ಗುರುವಾರ, ಶುಕ್ರವಾರ ಆ ಕೋಣೆಯಿಂದ ಅವಳು ಊಟಕ್ಕೆ ಮಾತ್ರ ಹೊರಗೆ ಬಂದಳು. ಮೇಣ ಇಳಿಸಿ ಮುಳ್ಳನ್ನು ಕಾಯುವುದು ಮೊದಲು ಅವಮಾನದಂತಿತ್ತು. "ಇಳಿಯೋ, ನಿನ್ನ ಮನೆ ಹಾಳಾಗ," ಎಂದು ಅದಕ್ಕೆ ಬೈಯುತ್ತ ಕೂರುತ್ತಿದ್ದಳು. ಅವಳ ಕೈ ಹದ ಎಂದು ಹೇಳುತ್ತಿದ್ದ ಹೊತ್ತಿಗೂ ಮುಳ್ಳು ಗೆರೆ ಮುಟ್ಟುವ ಹೊತ್ತಿಗೂ ನಡುವೆ ಒಂದು ಚಹಾ ಕುಡಿದು ಮುಗಿಸುವಷ್ಟು ಅಂತರವಿತ್ತು. ಅಷ್ಟು ಅಂತರವೇ ಮೂರು ವಾರ ತನ್ನನ್ನು ಕಾಡಿದ್ದು ಎಂದು ತಿಳಿದಾಗ ಬಾಯಿ ಮುಚ್ಚಿದಳು.

ಮೊದಲ ಹನ್ನೆರಡು ಲೋಟಗಳಲ್ಲಿ ವಾಸನೆ ನಿಂತಿತು. ಗುಂಡಿ ಚಿಕ್ಕದಾಯಿತು, ಪೂರ್ತಿ ಹೋಗಲಿಲ್ಲ. ಗಾಜಿನ ಮೇಲಿನ ಮಚ್ಚೆಯೂ ಇತ್ತು. ಆಗ ಅವಳ ಕೈ ಅಲ್ಲ, ತಲೆ ಕೆಲಸ ಮಾಡಿತು. ಲಾಂಡ್ರಿಯಲ್ಲಿ ಇಸ್ತ್ರಿಯಾದ ಕಂಬಳಿಗಳನ್ನು ಒಂದರ ಮೇಲೊಂದು ಅಟ್ಟಿ ಹಾಕಿದರೆ ನಡುವಿನದು ಮಧ್ಯಾಹ್ನದವರೆಗೂ ಬಿಸಿ ಇರುತ್ತಿತ್ತು. ಎರಡು ಕಂಬಳಿಗೆ ಇಸ್ತ್ರಿ ಹಾಕಿದಳು. ಒಂದನ್ನು ನೆಲದ ಮೇಲೆ ಹಾಸಿ, ಖಾಲಿ ಲೋಟಗಳನ್ನು ಅದರ ಮೇಲಿಟ್ಟು ಬೆಚ್ಚಗೆ ಮಾಡಿ, ಮೇಣ ಸುರಿದು, ಇನ್ನೊಂದನ್ನು ಸುತ್ತಲೂ ಗೂಡಿನ ಹಾಗೆ ಕಟ್ಟಿದಳು. ನಿಧಾನವಾಗಿ ಆರಲಿ, ಯಾರಿಗೇನು ಅವಸರ! ಮೇಲೆ ಕೆನೆ ಕಟ್ಟಿದಾಗ ಹೆಣಿಗೆ ಕಡ್ಡಿಯಿಂದ ಬತ್ತಿಯ ಸುತ್ತ ನಾಲ್ಕು ತೂತು ಚುಚ್ಚಿ, ಒಳಗೆ ಕುಗ್ಗಿದ ಜಾಗಕ್ಕೆ ಇನ್ನೊಂದು ಸಲ ಸುರಿದಳು. ಬೆಳಿಗ್ಗೆ ಕಂಬಳಿ ಬಿಚ್ಚಿದರೆ ಲೋಟದ ಮೇಲ್ಮೈ ಇಸ್ತ್ರಿ ಹಾಕಿದ ಕಾಲರಿನ ಹಾಗೆ ನುಣುಪಾಗಿತ್ತು.

"ಸೊಸೇ!" ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಕಿಟಕಿ ತೆರೆದರು.

ಶುಕ್ರವಾರ ರಾತ್ರಿಯೊಳಗೆ ಉಳಿದ ಲೋಟಗಳೆಲ್ಲ ಕಂಬಳಿಯ ಗೂಡು ಸೇರಿದವು. ಶನಿವಾರ ಬೆಳಿಗ್ಗೆ ಮಗ ಬಂದು, ಅರವತ್ತು ಲೋಟಗಳನ್ನೂ ಒಂದೊಂದಾಗಿ ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದ. ಅವನ ಕಣ್ಣಿಗೆ ಮೋಸ ಮಾಡಲಾಗುವುದಿಲ್ಲ, ಆ ವಿಷಯದಲ್ಲಿ ತಾಯಿಯ ಮಗ. ಮೂರನ್ನು ಪಕ್ಕಕ್ಕಿಟ್ಟ.

"ಇದರಲ್ಲಿ ಬತ್ತಿ ವಾಲಿದೆ. ಇವೆರಡು ಬಿರುಕು. ಐವತ್ತೇಳು ಆಯ್ತು. ಅರವತ್ತು ಅಂದಿದ್ದೆ ನೀನು."

ಇಸ್ತ್ರಿಯಮ್ಮ ಮೂರನ್ನೂ ನೋಡಿದಳು. ಸುಳ್ಳಲ್ಲ. "ಹೌದು, ಮೂರು ಹೋಗಿದೆ," ಎಂದಳು. ಐವತ್ತೇಳನ್ನು ಪೆಟ್ಟಿಗೆಗೆ ತುಂಬಿ, ಆಟೋದಲ್ಲಿಟ್ಟುಕೊಂಡು ತಾನೇ ಹೋಟೆಲಿಗೆ ಹೋದಳು. ಯಜಮಾನಿ ಒಂದನ್ನು ಹಚ್ಚಿ, ಅರ್ಧ ಗಂಟೆ ಎದುರಿಗೇ ಇಟ್ಟುಕೊಂಡು ಕೂತು, "ಮೂರು ಸೋಮವಾರ ಕೊಡಿ, ಪರವಾಗಿಲ್ಲ. ಮುಂದಿನ ತಿಂಗಳಿಗೆ ಇನ್ನೂ ಅರವತ್ತು ಬೇಕು," ಎಂದಳು. ಮನೆಗೆ ಬಂದು ಇಸ್ತ್ರಿಯಮ್ಮ ಇದನ್ನು ಹೇಳಿದಾಗ ಮಗ, "ಅವರು ಒಪ್ಪಿರಬಹುದು. ನಮ್ಮ ಮಾತು ಅರವತ್ತಕ್ಕೆ ಆಗಿತ್ತು," ಎಂದು ಬೀಗವನ್ನು ಮತ್ತೆ ಹಾಕಿ, ಕೀಲಿಯನ್ನು ಜೇಬಿಗಿಳಿಸಿದ. ಸೊಸೆ ಎರಡು ಹೊತ್ತು ಅವನೊಡನೆ ಮಾತಾಡಲಿಲ್ಲ.

ಭಾನುವಾರ ಬೆಳಿಗ್ಗೆ ಸ್ಟೋರ್‌ಕೀಪರ್ ಬಂದ. ಸಣಕಲು ಮನುಷ್ಯ, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ಸುರುಳಿ ಸುತ್ತಿದ ಹಾಸಿಗೆ. ಹಿಂದಿನ ಕೋಣೆಯ ಬಾಗಿಲಲ್ಲಿ ಇಸ್ತ್ರಿಯಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ನಮಸ್ಕಾರ ಅಮ್ಮಾ. ರೂಮ್ ಖಾಲಿ ಇದೆ ಅಂದ್ರು."

"ಖಾಲಿ ಇಲ್ಲ. ಒಳಗೆ ಕೆಲಸ ನಡೀತಿದೆ."

"ಅಮ್ಮಾ, ಮಾತು ಕೊಟ್ಟಿದ್ದೆ ನೀನು," ಎಂದ ಮಗ, ಮುಖ ಕೆಂಪಾಗಿಸಿಕೊಂಡು.

"ಕೊಟ್ಟಿದ್ದೆ. ಅರವತ್ತರಲ್ಲಿ ಮೂರು ಹೋಯ್ತು, ಅದಕ್ಕೆ ರೂಮ್ ಖಾಲಿ ಮಾಡು ಅಂತೀಯ. ನಿಮ್ಮ ಕಾರ್ಖಾನೆಯಲ್ಲಿ ಅರವತ್ತು ಡಬ್ಬಕ್ಕೆ ಮೂರು ಹೋದ್ರೆ ಸೂಪರ್‌ವೈಸರನ್ನ ಮನೆಗೆ ಕಳಿಸ್ತಾರಾ?"

"ಅರವತ್ತಕ್ಕೆ ಮೂರೇನಾ?" ಎಂದ ಸ್ಟೋರ್‌ಕೀಪರ್, ಪಾಪ, ಏನೂ ಅರಿಯದವನು. "ನಮ್ಮಲ್ಲಿ ಏಳೆಂಟು ಹೋಗುತ್ತೆ ಅಮ್ಮಾ. ಸಾರ್ ಇದ್ರೂ ಹೋಗುತ್ತೆ."

ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಸೊಸೆ ಹಿಡಿಯಲಿಲ್ಲ, ಬಾಯಿ ತುಂಬ ನಕ್ಕಳು. ಸ್ಟೋರ್‌ಕೀಪರ್ ತಾನೇನು ತಪ್ಪು ಹೇಳಿದೆ ಎಂದು ತಿಳಿಯದೆ ಎಲ್ಲರ ಮುಖ ನೋಡಿದ. ಅವನನ್ನು ಒಳಗೆ ಕೂರಿಸಿ ಚಹಾ ಕೊಟ್ಟು, ಎರಡನೇ ಬೀದಿಯಲ್ಲಿ ಬೇರೆ ರೂಮ್ ಇದೆಯೆಂದು ಹೇಳಿ, ವಿಳಾಸ ಬರೆದುಕೊಟ್ಟು ಸೊಸೆಯೇ ಕಳಿಸಿದಳು.

ಮಗ ಮಾತ್ರ ಹಿಂದಿನ ಬಾಗಿಲ ಬಳಿಯೇ ನಿಂತಿದ್ದ. ಅವನ ದನಿಯಲ್ಲಿ ಸೂಪರ್‌ವೈಸರ್ ಇರಲಿಲ್ಲ.

"ಡಬ್ಬ ಎಷ್ಟು ಹೋದ್ರೆ ನನಗೇನು ಅಮ್ಮಾ. ನಿನ್ನ ಕೈಗೆ ಬಿಸಿ ಗೊತ್ತಾಗಲ್ಲ. ನಾವು ಯಾರೂ ಇಲ್ಲದಾಗ ಸುಟ್ಕೊಂಡ್ರೆ? ಅದೇ ಭಯ ನನಗೆ."

"ಗೊತ್ತಾಗಲ್ಲ. ಹೌದು," ಎಂದಳು ಇಸ್ತ್ರಿಯಮ್ಮ. "ನನಗೂ ಭಯ ಇದೆ. ಅದಕ್ಕೇ ಮುಳ್ಳು ನೋಡ್ತೀನಿ, ದಪ್ಪ ಬಟ್ಟೆ ಹಿಡೀತೀನಿ. ಸುಮ್ಮನೆ ಕೂತ್ರೆ ಈ ಕೈ ಬದುಕಿಬರಲ್ಲ ಕಣೋ. ಕೈ ಒಂದು ಹೋಯ್ತು ಅಂತ ನನ್ನನ್ನ ಪೂರ್ತಿ ಮೂಲೆಗೆ ಹಾಕಬೇಡ. ಹಾಕೋಕೆ ನಾನು ಬಿಡೋದೂ ಇಲ್ಲ. ತಾ ಇಲ್ಲಿ."

ಅವನು ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟ. ಇಟ್ಟನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ತಲೆ ಬಗ್ಗಿಸಿ ಕಣ್ಣಿಂದಲೇ ನೋಡಿದಳು. ಅಂಗೈಯ ನಡುವೆ ಕೀಲಿ ಇತ್ತು. ಅದನ್ನು ನೋಡುತ್ತಲೇ, ಒಂದೊಂದಾಗಿ ಐದು ಬೆರಳನ್ನೂ ಮಡಚಿ ಬಿಗಿಯಾಗಿ ಮುಷ್ಟಿ ಕಟ್ಟಿದಳು.

"ದಾರಿ ಬಿಡು," ಎಂದಳು. "ಮೂರು ಬಾಕಿ ಇದೆ."